ಗಣಕಕ್ಕೆ ಒಪ್ಪಿದ ಮದ್ದು ಹಸುವಿಗೆ ಒಗ್ಗೀತೇ?

ಲೋಳೆಸರ 250 ಗ್ರಾಂ, ಅರಿಶಿನದ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ಮೂರನ್ನೂ ಸೇರಿಸಿ ಅರೆದು, ಒಂದು ಹಿಡಿ ತೆಗೆದು ನೀರಿನಲ್ಲಿ ಕದಡಿ, ತೊಳೆದ ಕೆಚ್ಚಲಿಗೆಲ್ಲ ಹಚ್ಚಬೇಕು. ದಿನಕ್ಕೆ ಹತ್ತು ಸಲ, ಐದು ದಿನ. ಜೊತೆಗೆ ನಿಂಬೆಹಣ್ಣನ್ನು ಹೋಳು ಮಾಡಿ ಹಸುವಿಗೆ ತಿನ್ನಿಸಬೇಕು. ಡೇರಿಗೆ ಹಾಲು ಹಾಕುವವರಲ್ಲಿ ಅನೇಕರಿಗೆ ಇದು ಬಾಯಿಪಾಠ. ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿ ಊರೂರಿಗೆ ತಲುಪಿಸಿದ ಕೆಚ್ಚಲು ಬಾವಿನ ಮದ್ದು ಇದು. ಇದರ ಹಿಂದೆ ಬೆಂಗಳೂರಿನ ಯಲಹಂಕದ ಬಳಿ ಇರುವ ಟ್ರಾನ್ಸ್-ಡಿಸಿಪ್ಲಿನರಿ ವಿಶ್ವವಿದ್ಯಾಲಯದವರ ಮತ್ತು ತಮಿಳುನಾಡಿನ ಪಶುವೈದ್ಯ ಪ್ರಾಧ್ಯಾಪಕ ಎನ್. ಪುಣ್ಯಮೂರ್ತಿಯವರ ಹಲವು ವರ್ಷಗಳ ದುಡಿಮೆ ಇದೆ. ದಿನಕ್ಕೆ ಹತ್ತು ಸಲ ಎಂದು ಬರೆದವರು ಹೊಲದ ಕೆಲಸ ಬಿಟ್ಟು ಕೊಟ್ಟಿಗೆಯಲ್ಲೇ ಇರುವ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರಬೇಕು. ಹೆಚ್ಚಿನ ಮನೆಗಳಲ್ಲಿ ಆ ಒಬ್ಬರು ಹೆಂಗಸರೇ.

ಇದೇ ಅರಿಶಿನದ ಪರೀಕ್ಷೆ ಈಗ ಇನ್ನೊಂದು ಕಡೆಯೂ ನಡೆಯುತ್ತಿದೆ. ಅಲ್ಲಿ ಹಸುವೂ ಇಲ್ಲ, ಅರೆಯುವ ಕಲ್ಲೂ ಇಲ್ಲ. ಒಂದು ಕಂಪ್ಯೂಟರ್ ಇದೆ. ಬೇವು, ನೆಲಬೇವು, ಅಮೃತಬಳ್ಳಿ, ಲಕ್ಕಿ ಸೊಪ್ಪು, ಮಂಗರವಳ್ಳಿ, ಹೀಗೆ ನಾಟಿ ವೈದ್ಯರು ದನಕರುಗಳಿಗೆ ಬಳಸುತ್ತ ಬಂದ ಗಿಡಗಳಲ್ಲಿನ ರಾಸಾಯನಿಕಗಳನ್ನು ಒಂದೊಂದಾಗಿ ತೆಗೆದುಕೊಂಡು, ಬಾವನ್ನು ಹುಟ್ಟಿಸುವ ಪ್ರೋಟೀನುಗಳಿಗೆ ಅವು ಅಂಟಿಕೊಳ್ಳುತ್ತವೆಯೇ ಎಂದು ಪರದೆಯ ಮೇಲೆ ಲೆಕ್ಕ ಹಾಕುವ ಕೆಲಸ. ಔಷಧ ವಿಜ್ಞಾನದವರು ಇದನ್ನು ಡಾಕಿಂಗ್ ಎನ್ನುತ್ತಾರೆ. ಒಂದು ಲ್ಯಾಪ್‌ಟಾಪ್ ಮತ್ತು ಪುಕ್ಕಟೆ ಸಿಗುವ ತಂತ್ರಾಂಶ ಇದ್ದರೆ ಸ್ನಾತಕೋತ್ತರ ವಿದ್ಯಾರ್ಥಿಯೂ ಮಾಡಬಹುದು. ಹಾಗಾಗಿ ಪ್ರಬಂಧಗಳಿಗೆ ಬರವಿಲ್ಲ. ಇಂಥ ಗಿಡದ ಇಂಥ ಅಣು ಜಾನುವಾರುಗಳ ಉರಿಯೂತಕ್ಕೆ ರಾಮಬಾಣವಾಗಬಲ್ಲದು ಎಂಬ ಧಾಟಿಯ ಮಾತು ಪ್ರಬಂಧದ ಕೊನೆಯ ಪ್ಯಾರಾದಲ್ಲಿ ಹುಟ್ಟಿ, ಸುದ್ದಿಯಲ್ಲಿ ಬೆಳೆದು, ವಾಟ್ಸ್ಆ್ಯಪ್‌ಗೆ ಬರುವಷ್ಟರಲ್ಲಿ ಆ 'ಬಲ್ಲದು' ಉದುರಿ ಹೋಗಿರುತ್ತದೆ.

ಈ ವಿಧಾನ ಸುಳ್ಳೇನಲ್ಲ, ಬಹಳ ಉಪಯೋಗದ್ದು. ಆದರೆ ಅದು ಒಂದು ಜರಡಿ. ಜರಡಿಯಲ್ಲಿ ಉಳಿದದ್ದೆಲ್ಲ ಅಕ್ಕಿ ಅಲ್ಲ. ಹಸುವಿನ ವಿಷಯದಲ್ಲಂತೂ ನಾವು ಮನುಷ್ಯರಿಗೆಂದು ಹೆಣೆದ ಜರಡಿಯನ್ನೇ ಎತ್ತಿಕೊಂಡು ಬಂದಿದ್ದೇವೆ.

ಮೊದಲು ಬಾವಿನ ವಿಷಯ. ಮೊಲೆತೊಟ್ಟಿನ ತೂತಿನಿಂದ ಬ್ಯಾಕ್ಟೀರಿಯಾ ಒಳಹೊಕ್ಕರೆ ಕೆಚ್ಚಲು ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ. ಮುಟ್ಟಿದರೆ ಹಸು ಒದೆಯುತ್ತದೆ. ಹಾಲು ನೀರಾಗಿ, ಗರಣೆ ಗರಣೆಯಾಗಿ ಬರುತ್ತದೆ. ಇದರಲ್ಲಿ ರೋಗಾಣುವಿನ ಪಾಲು ಎಷ್ಟಿದೆಯೋ, ಅದನ್ನು ಎದುರಿಸಲು ಹೊರಟ ಹಸುವಿನ ಮೈಯದೂ ಅಷ್ಟೇ ಪಾಲಿದೆ. ಆರೋಗ್ಯವಾದ ಕೆಚ್ಚಲಿನ ಹಾಲಿನಲ್ಲಿ ಮಿಲಿಲೀಟರಿಗೆ 2 ಲಕ್ಷಕ್ಕಿಂತ ಕಡಿಮೆ ಜೀವಕೋಶಗಳಿರುತ್ತವೆ. ಬಾವು ಜೋರಾದಾಗ ಅದು ಹತ್ತಾರು ಲಕ್ಷಕ್ಕೆ ಏರುತ್ತದೆ. ಹಾಗೆ ಏರಿದ್ದರಲ್ಲಿ ಹೆಚ್ಚಿನವು ರಕ್ತದಿಂದ ಧಾವಿಸಿ ಬಂದ ಬಿಳಿ ರಕ್ತಕಣಗಳು. ಅವನ್ನು ಕರೆಸುವುದು ಟಿಎನ್‌ಎಫ್, ಇಂಟರ್‌ಲ್ಯೂಕಿನ್ ಮುಂತಾದ ಸಂದೇಶವಾಹಕಗಳು. ನೋವು, ಜ್ವರ, ಕೆಂಪು ತರುವುದರಲ್ಲಿ ಮುಂದಾಳು ಪ್ರೋಸ್ಟಗ್ಲಾಂಡಿನ್ ಎಂಬ ಕೊಬ್ಬಿನ ಜಾತಿಯ ರಾಸಾಯನಿಕ.

ಆಸ್ಪಿರಿನ್ ಈ ಪ್ರೋಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತದೆ ಎಂದು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು. ಆಸ್ಪಿರಿನ್ ಕಟ್ಟಿಹಾಕುವ ಆ ಕಿಣ್ವದ ಹೆಸರು ಕಾಕ್ಸ್. ಅದರಲ್ಲಿ ಎರಡು ಬಗೆ. ಕಾಕ್ಸ್-1 ಮೈಯಲ್ಲಿ ಸದಾ ಇದ್ದು ಹೊಟ್ಟೆಯ ಒಳಪದರ ಕಾಯುವಂಥ ದಿನನಿತ್ಯದ ಕೆಲಸ ಮಾಡುತ್ತದೆ. ಕಾಕ್ಸ್-2 ಮುಖ್ಯವಾಗಿ ಬಾವು ಬಂದಾಗ ತಲೆಯೆತ್ತುತ್ತದೆ. ನೋವಿನ ಮಾತ್ರೆ ಹೆಚ್ಚು ದಿನ ನುಂಗಿದವರಿಗೆ ಹೊಟ್ಟೆಹುಣ್ಣಾಗುವುದು ಕಾಕ್ಸ್-1ಕ್ಕೂ ಪೆಟ್ಟು ಬೀಳುವುದರಿಂದ. ದನಗಳಿಗೂ ಅದೇ ಅಪಾಯ ಇದೆ. ಅವುಗಳಲ್ಲಿ ಹುಣ್ಣು ಏಳುವುದು ನಾಲ್ಕನೇ ಹೊಟ್ಟೆಯಲ್ಲಿ.

ಇಲ್ಲಿ ಒಂದು ತಮಾಷೆ ಇದೆ. ಕಾಕ್ಸ್-1ರ ಆಕಾರವನ್ನು ಅಣು ಅಣುವಾಗಿ ಬಿಡಿಸಿ ತೋರಿಸಿದ್ದು 1994ರಲ್ಲಿ. ಆ ಕಿಣ್ವ ಮನುಷ್ಯನದಲ್ಲ, ಕುರಿಯದು. ಟಗರಿನ ವೀರ್ಯಕೋಶಗಳಲ್ಲಿ ಅದು ಹೇರಳವಾಗಿ ಸಿಗುತ್ತಿತ್ತು, ಅಷ್ಟೇ ಕಾರಣ. ಮೆಲುಕು ಹಾಕುವ ಪ್ರಾಣಿಯ ಕಿಣ್ವವನ್ನು ನೋಡಿ ಮನುಷ್ಯರಿಗೆ ಔಷಧ ಹುಡುಕಿದೆವು. ಎರಡು ವರ್ಷದ ನಂತರ ಇಲಿಯ ಕಾಕ್ಸ್-2ರ ಆಕಾರ ಬಂತು. ಈಗ ಆ ಇಲಿಯ ಕಿಣ್ವದ ಮೇಲೆ ಗಿಡದ ಅಣುಗಳನ್ನು ಕೂರಿಸಿ ನೋಡಿ, ಹಸುವಿಗೆ ಮದ್ದು ಸಿಕ್ಕಿತು ಎನ್ನುತ್ತಿದ್ದೇವೆ.

ಈ ಎರಡು ಕಿಣ್ವಗಳ ನಡುವಿನ ವ್ಯತ್ಯಾಸ ಎಷ್ಟು ಸಣ್ಣದು ಎಂದು ಹತ್ತಿರದಿಂದ ನೋಡಿದರೆ ಡಾಕಿಂಗ್ ಎಂಥ ನಾಜೂಕಿನ ಕೆಲಸ ಎಂಬುದು ತಿಳಿಯುತ್ತದೆ. ಪ್ರೋಟೀನು ಎಂದರೆ ಅಮೈನೊ ಆಮ್ಲಗಳ ಉದ್ದನೆಯ ಸರ, ಮಡಚಿ ಮಡಚಿ ಗಂಟಾದದ್ದು. ಕಾಕ್ಸ್ ಗಂಟಿನ ನಡುವೆ ಉದ್ದಕ್ಕೆ ಒಂದು ಸುರಂಗವಿದೆ; ಕೊಬ್ಬಿನ ಆಮ್ಲ ಅದರೊಳಗೆ ಹೋಗಿ ಪ್ರೋಸ್ಟಗ್ಲಾಂಡಿನ್‌ನ ಮೊದಲ ರೂಪವಾಗಿ ಹೊರಬರುತ್ತದೆ. ಸುರಂಗದ ಗೋಡೆಯಲ್ಲಿ 523ನೆಯ ಜಾಗದಲ್ಲಿ ಕಾಕ್ಸ್-1ಕ್ಕೆ ಐಸೊಲ್ಯೂಸಿನ್ ಎಂಬ ಅಮೈನೊ ಆಮ್ಲ ಇದೆ, ಕಾಕ್ಸ್-2ಕ್ಕೆ ವ್ಯಾಲಿನ್. ಎರಡಕ್ಕೂ ಇರುವ ಅಂತರ ಒಂದು ಇಂಗಾಲ, ಎರಡು ಜಲಜನಕದ ಪರಮಾಣು. ಅಷ್ಟು ಜಾಗ ಬಿಟ್ಟುಕೊಟ್ಟದ್ದಕ್ಕೆ ಕಾಕ್ಸ್-2ರಲ್ಲಿ ಪಕ್ಕಕ್ಕೊಂದು ಗೂಡು ತೆರೆದುಕೊಂಡಿದೆ. ಸೆಲೆಕಾಕ್ಸಿಬ್‌ನಂಥ ಮಾತ್ರೆಗಳು ಆ ಗೂಡಿಗೆ ಕೈ ಚಾಚುತ್ತವೆ, ಹಾಗಾಗಿ ಹೊಟ್ಟೆಗೆ ಕಾಟ ಕಡಿಮೆ. ಇಡೀ ಒಂದು ಔಷಧ ವರ್ಗ ನಿಂತಿರುವುದು ಇಷ್ಟು ಕಿರಿದಾದ ಸಂದಿಯ ಮೇಲೆ.

ಡಾಕಿಂಗ್ ಪ್ರೋಗ್ರಾಂ ಮಾಡುವುದು ಇಷ್ಟು: ಸುರಂಗದ ಸುತ್ತ ಒಂದು ಪೆಟ್ಟಿಗೆ ಎಳೆಯುತ್ತದೆ, ಗಿಡದ ಅಣುವನ್ನು ಅದರೊಳಗೆ ಬಿಡುತ್ತದೆ, ತಿರುಗಿಸುತ್ತದೆ, ಬಗ್ಗಿಸುತ್ತದೆ, ಮಗುಚುತ್ತದೆ. ಸಾವಿರಾರು ಭಂಗಿಗಳಲ್ಲಿ ಯಾವುದು ಹೆಚ್ಚು ಹಿತವಾಗಿ ಕೂತಿತು ಎಂದು ನೋಡಿ ಒಂದು ಅಂಕ ಕೊಡುತ್ತದೆ. ಅಂಕ ಕಿಲೊಕ್ಯಾಲರಿಯಲ್ಲಿ, ಸೊನ್ನೆಗಿಂತ ಕೆಳಗೆ. ಮೈನಸ್ 6 ಎಂದರೆ ಸಾಧಾರಣ, ಮೈನಸ್ 9 ಎಂದರೆ ಭೇಷ್. ಇಂಥ ಪ್ರೋಗ್ರಾಂಗಳ ಮೂಲ 1982ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಇರ್ವಿನ್ ಕುಂಟ್ಜ್ ಅವರ ಗುಂಪು ಬರೆದ 'ಡಾಕ್'. ಇವತ್ತು ನಮ್ಮ ಕಾಲೇಜುಗಳಲ್ಲಿ ಹೆಚ್ಚು ಓಡುವುದು 2010ರಲ್ಲಿ ಬಂದ 'ಆಟೊಡಾಕ್ ವೀನಾ'.

ಹಸುವಿನ ಕಾಕ್ಸ್-2 ಬೇಕೆಂದರೆ ಅದರ ಆಕಾರವನ್ನು ಕಟ್ಟಿಕೊಳ್ಳಬೇಕು. ಅದಕ್ಕೆ ಬೇಕಾದ ಅಕ್ಷರಮಾಲೆ 2009ರಿಂದಲೂ ಇದೆ. ಅಮೆರಿಕದ ಮೊಂಟಾನಾದ ಹಿಯರ್‌ಫರ್ಡ್ ತಳಿಯ ಡೊಮಿನೆಟ್ ಎಂಬ ಹಸುವಿನ ಡಿಎನ್‌ಎಯನ್ನು ಪೂರ್ತಿ ಓದಿ ಆ ವರ್ಷ ಪ್ರಕಟಿಸಿದರು. ಸುಮಾರು 22 ಸಾವಿರ ಜೀನ್‌ಗಳು. ಹಸುವಿನ ಸರವನ್ನು ಇಲಿಯ ಆಕಾರದ ಮೇಲೆ ಹೊದಿಸಿ ಮಾದರಿ ತಯಾರಿಸುವುದು ಹಳೆಯ ರೂಢಿ. ಈಗ ಆಲ್ಫಾಫೋಲ್ಡ್ ಎಂಬ ತಂತ್ರಾಂಶದ ಕೃಪೆಯಿಂದ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಆಕಾರದ ಅಂದಾಜು ಬೆರಳ ತುದಿಯಲ್ಲಿದೆ, ಹಸುವಿನವೂ ಅದರಲ್ಲಿವೆ. ಹೀಗೆ ಕಟ್ಟಿದ ಮಾದರಿ ನೆಟ್ಟಗಿದೆಯೇ ಎಂದು ನೋಡಲು ಜಗತ್ತಿನ ಎಲ್ಲ ಪ್ರಯೋಗಾಲಯಗಳೂ ಇವತ್ತಿಗೂ ತೆಗೆಯುವ ನಕ್ಷೆ ನಮ್ಮವರದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಓದಿದ ಜಿ.ಎನ್. ರಾಮಚಂದ್ರನ್, ಮದ್ರಾಸಿನಲ್ಲಿದ್ದಾಗ 1963ರಲ್ಲಿ ತಮ್ಮ ಸಂಗಡಿಗರೊಂದಿಗೆ ಅದನ್ನು ರೂಪಿಸಿದರು. ಪ್ರೋಟೀನಿನ ಸರ ಯಾವ ಯಾವ ಕೋನದಲ್ಲಿ ಮಡಚಬಹುದು, ಯಾವುದರಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ ಎಂದು ಹೇಳುವ ನಕ್ಷೆ ಅದು. ಆಮೇಲೆ ರಾಮಚಂದ್ರನ್ ಬೆಂಗಳೂರಿಗೆ ಮರಳಿ ಅದೇ ಸಂಸ್ಥೆಯಲ್ಲಿ ಅಣು ಜೈವಿಕ ಭೌತವಿಜ್ಞಾನದ ವಿಭಾಗ ಕಟ್ಟಿದರು.

ಅಣುಗಳ ಪಟ್ಟಿಯೂ ಸಿದ್ಧವಿದೆ. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯವರು ನಮ್ಮ ಔಷಧೀಯ ಸಸ್ಯಗಳ ರಾಸಾಯನಿಕಗಳನ್ನೆಲ್ಲ ಒಂದೆಡೆ ಸೇರಿಸಿ 'ಇಂಪ್ಯಾಟ್' ಎಂಬ ದತ್ತಕೋಶ ಮಾಡಿದ್ದಾರೆ. ಎರಡನೆಯ ಆವೃತ್ತಿಯಲ್ಲಿ 4,010 ಸಸ್ಯಗಳು, 17,967 ರಾಸಾಯನಿಕಗಳು. ಒಂದೊಂದಕ್ಕೆ ಒಂದು ನಿಮಿಷ ಹಿಡಿದರೂ ಒಂದು ಕಂಪ್ಯೂಟರಿಗೆ ಹನ್ನೆರಡೂವರೆ ದಿನದ ಕೆಲಸ. ಪ್ರಯೋಗಾಲಯದಲ್ಲಿ ಇಷ್ಟನ್ನು ಬಟ್ಟಿ ಇಳಿಸಿ, ಶುದ್ಧ ಮಾಡಿ, ಪರೀಕ್ಷಿಸಲು ಎಷ್ಟು ಜನರ ಎಷ್ಟು ವರ್ಷ ಬೇಕು ಎಂದು ಯೋಚಿಸಿದರೆ ಈ ಜರಡಿಯ ಬೆಲೆ ಗೊತ್ತಾಗುತ್ತದೆ. ಹದಿನೆಂಟು ಸಾವಿರದಲ್ಲಿ ನೂರನ್ನು ಆರಿಸಿ ಕೊಟ್ಟರೆ ಅದೇ ದೊಡ್ಡ ಉಪಕಾರ.

ತೊಂದರೆ ಇರುವುದು ಆ ನೂರರಲ್ಲಿ ಮೊದಲು ಬಂದವರಿಗೆ ಹಾರ ಹಾಕುವುದರಲ್ಲಿ. 1.4 ಕಿಲೊಕ್ಯಾಲರಿ ವ್ಯತ್ಯಾಸವಾದರೆ ಅಂಟಿಕೊಳ್ಳುವ ಬಲ ಹತ್ತುಪಟ್ಟು ಬದಲಾಗುತ್ತದೆ. ಆದರೆ ಪ್ರೋಗ್ರಾಂ ಕೊಡುವ ಅಂಕದಲ್ಲೇ ಎರಡು ಕಿಲೊಕ್ಯಾಲರಿಗೂ ಮೀರಿ ಹೆಚ್ಚುಕಡಿಮೆ ಇರುತ್ತದೆ. ಅದನ್ನು ಬರೆದವರೇ ಹಾಗೆಂದು ಹೇಳಿದ್ದಾರೆ. ಮೈನಸ್ 8.9 ಬಂದ ಅಣು ಮೈನಸ್ 8.2 ಬಂದದ್ದಕ್ಕಿಂತ ಮೇಲು ಎಂದು ಪುಟಗಟ್ಟಲೆ ಚರ್ಚಿಸುವುದು, ತೂಕದ ಕಲ್ಲೇ ಸರಿಯಿಲ್ಲದ ತಕ್ಕಡಿಯಲ್ಲಿ ಗುಲಗಂಜಿ ತೂಗಿದಂತೆ. ಅಂಕ ಗಾತ್ರಕ್ಕೂ ಮರುಳಾಗುತ್ತದೆ: ಅಣು ದೊಡ್ಡದಾದಷ್ಟೂ ಗೋಡೆಯನ್ನು ಮುಟ್ಟುವ ಜಾಗ ಹೆಚ್ಚು, ಮುಟ್ಟಿದ್ದಕ್ಕೆಲ್ಲ ಅಂಕ. ಹಾಗಾಗಿಯೇ ರುಟಿನ್‌ನಂಥ ಸಕ್ಕರೆ ಹೊತ್ತ ದಪ್ಪ ಅಣುಗಳು ಯಾವ ಪ್ರೋಟೀನು ಕೊಟ್ಟರೂ ಪಟ್ಟಿಯ ನೆತ್ತಿಯಲ್ಲಿ ಕಾಣಿಸಿಕೊಳ್ಳುತ್ತವೆ.

ಪ್ರೋಗ್ರಾಂ ನಂಬಿಕೆಗೆ ಅರ್ಹವೇ ಎಂದು ನೋಡಲು ಒಂದು ಹಳೆಯ ಉಪಾಯವಿದೆ. ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೊಡುವುದು. ಡಿಕ್ಲೊಫೆನಾಕ್ ಎಂಬ ನೋವಿನ ಮದ್ದು ಕಾಕ್ಸ್-2ರಲ್ಲಿ ಹೇಗೆ ಕೂರುತ್ತದೆ ಎಂಬುದು 2003ರಲ್ಲೇ ಹರಳಿನ ಚಿತ್ರದಿಂದ ಗೊತ್ತಾಗಿದೆ. ಅದರದ್ದು ವಿಚಿತ್ರ ಭಂಗಿ. ಈ ಜಾತಿಯ ಎಷ್ಟೋ ಮದ್ದುಗಳು ಆಮ್ಲದ ತುದಿಯನ್ನು ಸುರಂಗದ ಬಾಯಿಯ ಕಡೆಗೆ ಇಟ್ಟುಕೊಂಡರೆ ಇದು ತಲೆಕೆಳಗಾಗಿ, ಒಳಗಿನ 385 ಮತ್ತು 530ನೆಯ ಅಮೈನೊ ಆಮ್ಲಗಳನ್ನು ಹಿಡಿದುಕೊಂಡು ಕೂರುತ್ತದೆ. ಗಿಡದ ಅಣುವಿಗೆ ಅಂಕ ಕೊಡುವ ಮೊದಲು ಡಿಕ್ಲೊಫೆನಾಕನ್ನು ಹೀಗೆ ತಲೆಕೆಳಗಾಗಿ ಕೂರಿಸಿ ತೋರಿಸು ಎಂದು ಪ್ರೋಗ್ರಾಂಗೆ ಹೇಳಿ ನೋಡಬೇಕು. ಈ ಒಂದು ಸಾಲು ಇಲ್ಲದ ಪ್ರಬಂಧವನ್ನು ನಾನು ಅಲ್ಲಿಗೇ ಮಡಚಿಡುತ್ತೇನೆ.

ಈಗ ಅರಿಶಿನಕ್ಕೆ ಬರೋಣ. ಕೆಚ್ಚಲು ಬಾವಿನ ಮದ್ದನ್ನು ವಿಜ್ಞಾನಕ್ಕೆ ಒಗ್ಗಿಸುವ ಉಮೇದಿನಲ್ಲಿ ಮೊದಲು ಕೈಗೆತ್ತಿಕೊಳ್ಳುವುದು ಅರಿಶಿನದ ಹಳದಿ ಅಣು ಕರ್ಕ್ಯುಮಿನ್. ಕಾಕ್ಸ್-2, ಟಿಎನ್‌ಎಫ್, ಯಾವುದರ ಮೇಲೆ ಕೂರಿಸಿದರೂ ಅಂಕ ಚೆನ್ನಾಗಿಯೇ ಬರುತ್ತದೆ. ಆದರೆ ಮದ್ದು ಅರೆಯುವವರ ಕೈ ನೋಡಿ. ಹಳದಿ ಪುಡಿಗೆ ಸುಣ್ಣ ಬಿದ್ದ ಕೂಡಲೆ ಎಲ್ಲ ಕೆಂಪು. ಇದನ್ನು ನಮ್ಮ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಆರತಿ ತಟ್ಟೆಯ ಓಕುಳಿ ನೀರೂ ಅದೇ, ಹಳೆಯ ಕಾಲದ ಕುಂಕುಮವೂ ಅದೇ. ಬಣ್ಣ ಬದಲಾಯಿತು ಎಂದರೆ ಅಣು ಬದಲಾಯಿತು. ಸುಣ್ಣದ ಕ್ಷಾರದಲ್ಲಿ ಕರ್ಕ್ಯುಮಿನ್ ತನ್ನ ಜಲಜನಕಗಳನ್ನು ಬಿಟ್ಟುಕೊಟ್ಟು ಕೆಂಪಾಗುತ್ತದೆ, ಆಮೇಲೆ ಒಡೆಯತೊಡಗುತ್ತದೆ. ಕ್ಷಾರವೇ ಬೇಕೆಂದಿಲ್ಲ, ಹೆಚ್ಚುಕಡಿಮೆ ರಕ್ತದಷ್ಟೇ ಮೃದುವಾದ 7.2ರ ಪಿಎಚ್ ದ್ರಾವಣದಲ್ಲಿ, ಮೈಯ ಶಾಖದಲ್ಲಿ, ಅರ್ಧ ಗಂಟೆಯೊಳಗೆ ಶೇ 90ರಷ್ಟು ಕರ್ಕ್ಯುಮಿನ್ ಒಡೆದುಹೋಗುತ್ತದೆ ಎಂದು 1997ರಲ್ಲೇ ಅಳೆದು ನೋಡಿದ್ದಾರೆ. ಸೀರಂ ಬೆರೆಸಿದರೆ ಒಡೆಯುವುದು ನಿಧಾನವಾಗುತ್ತದೆ, ಆದರೂ ನಿಲ್ಲುವುದಿಲ್ಲ. ಒಡೆದ ಚೂರುಗಳಲ್ಲಿ ಫೆರುಲಿಕ್ ಆಮ್ಲ ಇರುತ್ತದೆ, ಐಸ್‌ಕ್ರೀಮಿಗೆ ಘಮ ಕೊಡುವ ವ್ಯಾನಿಲಿನ್ ಕೂಡ ಇರುತ್ತದೆ.

ಹಾಗಾದರೆ ಕೆಚ್ಚಲ ಮೇಲೆ ಕೆಲಸ ಮಾಡುತ್ತಿರುವುದು ಯಾವುದು? ದತ್ತಕೋಶದಲ್ಲಿರುವ ಹಳದಿ ಅಣುವೋ, ಅದರ ಕೆಂಪು ರೂಪವೋ, ಒಡೆದ ಚೂರೋ? ಅಥವಾ ಸುಣ್ಣವೇ ಬ್ಯಾಕ್ಟೀರಿಯಾಕ್ಕೆ ಒಗ್ಗದ ವಾತಾವರಣ ಮಾಡುತ್ತಿದೆಯೋ? ಸುಣ್ಣವನ್ನು ಡಾಕಿಂಗ್ ಮಾಡಲು ಬರುವುದಿಲ್ಲ. ಲೋಳೆಸರದ ಲೋಳೆಯಲ್ಲಿರುವ ಅಸಿಮನ್ನಾನ್ ಸಕ್ಕರೆಯ ಉದ್ದನೆಯ ಸರಪಳಿ. ಅದು ಯಾವ ಸುರಂಗಕ್ಕೂ ಹಿಡಿಸುವುದಿಲ್ಲ. ದಿನಕ್ಕೆ ಹತ್ತು ಸಲ ಕೆಚ್ಚಲು ತೊಳೆದು, ನೀವಿ, ಹಾಲು ಹಿಂಡಿ ಹಾಕುವುದರಿಂದಲೇ ಆಗುವ ಗುಣ ಎಷ್ಟು? ಅದಕ್ಕೆ ಅಂಕ ಕೊಡುವ ಪ್ರೋಗ್ರಾಂ ಇಲ್ಲ. ಮದ್ದಿನ ನಾಲ್ಕು ಕೈಗಳಲ್ಲಿ ಕಂಪ್ಯೂಟರಿಗೆ ಕಾಣುವುದು ಒಂದು. ಅದನ್ನೇ ಇಡೀ ಮದ್ದಿನ ಗುಟ್ಟು ಎಂದು ಸಾರುವುದರಿಂದ ನಾಟಿ ವೈದ್ಯಕ್ಕೂ ಲಾಭವಿಲ್ಲ, ವಿಜ್ಞಾನಕ್ಕೂ ಇಲ್ಲ.

ಕರ್ಕ್ಯುಮಿನ್ ಪ್ರಯೋಗಾಲಯದವರನ್ನೂ ಬಿಟ್ಟಿಲ್ಲ. ಕಂಡ ಕಂಡ ಪ್ರೋಟೀನಿಗೆಲ್ಲ ಅಂಟುವ, ಪರೀಕ್ಷೆಯ ಬೆಳಕಿಗೇ ಗೊಂದಲ ಹುಟ್ಟಿಸುವ ಗುಣ ಅದಕ್ಕಿದೆ. 2017ರಲ್ಲಿ ಔಷಧ ರಸಾಯನಶಾಸ್ತ್ರದ ಪತ್ರಿಕೆಯೊಂದರಲ್ಲಿ ಬಂದ ವಿಮರ್ಶೆ ನೂರಕ್ಕೂ ಹೆಚ್ಚು ಮಾನವ ಪ್ರಯೋಗಗಳನ್ನು ತಡಕಿ, ಅದು ಅಸ್ಥಿರ, ರಕ್ತಕ್ಕೆ ಸೇರದ್ದು, ಮದ್ದಾಗಿ ಬೆಳೆಯುವ ಲಕ್ಷಣ ಇಲ್ಲದ್ದು ಎಂದು ಖಡಾಖಂಡಿತವಾಗಿ ಬರೆಯಿತು. ಅರಿಶಿನದ ಅಭಿಮಾನಿಗಳು ಸಿಟ್ಟಾದರು. ಆದರೆ ಅದು ಹೇಳಿದ್ದು ಒಂದು ಅಣುವಿನ ಬಗ್ಗೆ, ಕೆಚ್ಚಲಿಗೆ ಹಚ್ಚುವ ಲೇಪದ ಬಗ್ಗೆ ಅಲ್ಲ.

ಹಚ್ಚುವ ಮದ್ದಿನ ಕಥೆ ಇದಾದರೆ ತಿನ್ನಿಸುವ ಮದ್ದಿನದ್ದು ಇನ್ನೂ ದೂರದ ದಾರಿ. ಡಾಕಿಂಗ್ ಆದ ಮೇಲೆ ಪ್ರಬಂಧಗಳಲ್ಲಿ ತಪ್ಪದೆ ಬರುವ ಇನ್ನೊಂದು ಕೋಷ್ಟಕ ಇದೆ: ಈ ಅಣು ಕರುಳಿನಿಂದ ರಕ್ತಕ್ಕೆ ಸೇರೀತೇ, ಯಕೃತ್ತಿಗೆ ಅಪಾಯವೇ ಎಂಬ ಭವಿಷ್ಯ. ಇದಕ್ಕೆ ಆಧಾರ ಕ್ರಿಸ್ಟೋಫರ್ ಲಿಪಿನ್ಸ್ಕಿ 1997ರಲ್ಲಿ ಕೊಟ್ಟ ನಿಯಮಗಳು. ಅಣುತೂಕ 500 ಮೀರಬಾರದು ಇತ್ಯಾದಿ. ಮನುಷ್ಯರು ನುಂಗುವ ಮಾತ್ರೆಗಳನ್ನು ನೋಡಿ ಬರೆದ ನಿಯಮಗಳು ಅವು. ಹಸು ಮನುಷ್ಯನಂತೆ ನುಂಗುವುದಿಲ್ಲ. ಅದು ತಿಂದದ್ದೆಲ್ಲ ಮೊದಲು ಹೋಗುವುದು ನೂರು ಲೀಟರಿಗೂ ಹೆಚ್ಚು ಹಿಡಿಯುವ ಮೊದಲ ಹೊಟ್ಟೆಗೆ. ಅಲ್ಲಿ ಗಾಳಿಯಿಲ್ಲದೆ ಬದುಕುವ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಸಿ ಹಸುವಿಗೆ ಊಟ ಮಾಡಿಕೊಡುತ್ತವೆ. ಅವಕ್ಕೆ ಗಿಡದ ಮದ್ದೂ ಊಟವೇ. ನುಗ್ಗೆ ಸೊಪ್ಪು, ಈರುಳ್ಳಿಗಳಲ್ಲಿರುವ ಕ್ವೆರ್ಸೆಟಿನ್ ಎಂಬ ಅಣುವಿನದೇ ಉದಾಹರಣೆ. ಇದು ಉರಿಯೂತ ವಿರೋಧಿ ಪಟ್ಟಿಗಳ ಖಾಯಂ ಸದಸ್ಯ, ಅಣುತೂಕ 302, ಲಿಪಿನ್ಸ್ಕಿ ಪರೀಕ್ಷೆಯಲ್ಲಿ ಪಾಸು. ಅದೇ ಕ್ವೆರ್ಸೆಟಿನ್‌ಗೆ ಎರಡು ಸಕ್ಕರೆ ಅಂಟಿದರೆ ರುಟಿನ್, ತೂಕ 610, ನಪಾಸು. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಸುಗಳ ಮೊದಲ ಹೊಟ್ಟೆಗೆ ಇವೆರಡನ್ನೂ ಬೇರೆ ಬೇರೆಯಾಗಿ ಹಾಕಿ ರಕ್ತ ತೆಗೆದು ನೋಡಿದರು. ಹೆಚ್ಚು ಕ್ವೆರ್ಸೆಟಿನ್ ರಕ್ತಕ್ಕೆ ಬಂದದ್ದು ರುಟಿನ್ ತಿಂದ ಹಸುಗಳಲ್ಲಿ! ಒಂದೇ ಹೊಟ್ಟೆಯ ಪ್ರಾಣಿಗಳಲ್ಲಿ ಕಂಡದ್ದಕ್ಕೆ ಇದು ನೇರ ಉಲ್ಟಾ. ಮನುಷ್ಯರ ಜರಡಿ ಯಾವುದನ್ನು ಹೊರಗೆಸೆದಿತ್ತೋ ಅದೇ ಹಸುವಿನಲ್ಲಿ ಮೇಲಾಯಿತು.

ಹಸು ಮತ್ತು ಮನುಷ್ಯರ ನಡುವಿನ ಅಂತರ ಹಾಗಿರಲಿ, ಹಸು ಹಸುವಿಗೇ ವ್ಯತ್ಯಾಸವಿದೆ. ಮೆಲಾಕ್ಸಿಕಾಂ ಎಂಬ ನೋವಿನ ಮದ್ದು ಚುಚ್ಚಿದರೆ ಎಳೆಯ ದನಗಳ ರಕ್ತದಲ್ಲಿ ಅದು ಅರ್ಧಕ್ಕಿಳಿಯಲು 26 ಗಂಟೆ ಬೇಕು. ಹಾಲು ಕೊಡುವ ಹಸುಗಳಲ್ಲಿ ಹದಿನೇಳೂವರೆ ಗಂಟೆ ಸಾಕು.

ಗಿಡದ್ದು ಎಂದ ಮಾತ್ರಕ್ಕೆ ನಿರಪಾಯ ಎಂಬ ಭ್ರಮೆಗೆ ಲಂಟಾನ ಒಂದೇ ಸಾಕು. ಬಂಡೀಪುರದಿಂದ ಬಿಳಿಗಿರಿರಂಗನ ಬೆಟ್ಟದವರೆಗೆ ಕಾಡನ್ನೆಲ್ಲ ನುಂಗಿರುವ ಈ ಪೊದೆಯನ್ನು ಮೇವಿಲ್ಲದ ಕಾಲದಲ್ಲಿ ತಿಂದ ದನಗಳ ಯಕೃತ್ತು ಕೆಡುತ್ತದೆ, ಕಾಮಾಲೆ ಬರುತ್ತದೆ, ಬಿಸಿಲು ಬಿದ್ದ ಕಡೆ ಚರ್ಮ ಸುಲಿಯುತ್ತದೆ. ಕಾರಣ ಲಂಟಾಡೀನ್ ಎಂಬ ಅಣು. ಸುರಂಗದಲ್ಲಿ ಕೂತಿತೇ ಎಂದಷ್ಟೇ ನೋಡುವ ಪ್ರೋಗ್ರಾಂಗೆ ಅಮೃತಬಳ್ಳಿಯೂ ಒಂದೇ, ಲಂಟಾನವೂ ಒಂದೇ.

ಡಾಕಿಂಗ್‌ಗೆ ಕಾಣದೇ ಇರುವುದರಲ್ಲಿ ಎಲ್ಲಕ್ಕಿಂತ ದುಬಾರಿಯಾದ ಪಾಠವನ್ನು ನಮ್ಮ ದೇಶವೇ ಕಲಿತಿದೆ. ತಲೆಕೆಳಗಾಗಿ ಕೂರುವ ಆ ಡಿಕ್ಲೊಫೆನಾಕ್ ನೆನಪಿದೆಯಲ್ಲ? ಕಾಕ್ಸ್-2ಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ. ದನಗಳ ಜ್ವರ, ಕುಂಟು, ಬಾವು ಎಲ್ಲಕ್ಕೂ ಬೇಗ ಕೆಲಸ ಮಾಡುತ್ತಿತ್ತು, ಅಗ್ಗವಾಗಿತ್ತು. 1990ರ ದಶಕದಲ್ಲಿ ಹಳ್ಳಿ ಹಳ್ಳಿಗೂ ತಲುಪಿತು. ಚುಚ್ಚಿಸಿಕೊಂಡ ಹಸು ಕೆಲವೇ ದಿನಗಳಲ್ಲಿ ಸತ್ತರೆ, ಅದರ ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ನಿಂತುಹೋಗುತ್ತಿತ್ತು. ಹಕ್ಕಿಗಳು ಸಾರಜನಕದ ಕಸವನ್ನು ಯೂರಿಕ್ ಆಮ್ಲವಾಗಿ ಹೊರಹಾಕುತ್ತವೆ. ದಾರಿ ಕಟ್ಟಿದಾಗ ಆ ಆಮ್ಲ ಹೃದಯ, ಯಕೃತ್ತುಗಳ ಮೇಲೆ ಬಿಳಿ ಸುಣ್ಣದಂತೆ ಕಟ್ಟಿಕೊಳ್ಳುತ್ತದೆ. ಪಾಕಿಸ್ತಾನದಲ್ಲಿ ಸತ್ತ ರಣಹದ್ದುಗಳನ್ನು ಕೊಯ್ದು ನೋಡಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು 2004ರಲ್ಲಿ ಕಾರಣ ಹೊರಗಿಟ್ಟರು. ಅಷ್ಟರಲ್ಲಿ ಬಹಳಷ್ಟು ಮುಗಿದುಹೋಗಿತ್ತು. ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ 1992ರಿಂದ 2007ರೊಳಗೆ ಭಾರತದಲ್ಲಿ ಶೇ 99ಕ್ಕೂ ಹೆಚ್ಚು ಕುಸಿಯಿತು. ಇಷ್ಟು ಕುಸಿಯಲು ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ವಿಷ ಇದ್ದರೂ ಸಾಕಿತ್ತು ಎಂದು ಲೆಕ್ಕ ಹಾಕಿದವರಿದ್ದಾರೆ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಧಾಮ ಎಂದು ಘೋಷಿಸುವ ಹೊತ್ತಿಗೆ ಅಲ್ಲಿ ಉಳಿದಿದ್ದ ಉದ್ದಕೊಕ್ಕಿನ ರಣಹದ್ದುಗಳನ್ನು ಕೈಬೆರಳಲ್ಲಿ ಎಣಿಸಬಹುದಿತ್ತು.

ಜಾನುವಾರುಗಳಿಗೆ ಡಿಕ್ಲೊಫೆನಾಕ್ ಬೇಡ ಎಂದು ಭಾರತ 2006ರಲ್ಲಿ ನಿಷೇಧಿಸಿತು. ಮನುಷ್ಯರ ಹೆಸರಿನ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಹೋಗುವುದು ನಿಲ್ಲಲಿಲ್ಲವಾಗಿ 2015ರಲ್ಲಿ ಅವನ್ನೂ ತೆಗೆಸಿ ಒಂದು ಡೋಸಿನ ಸೀಸೆ ಮಾತ್ರ ಉಳಿಸಬೇಕಾಯಿತು. ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಎಂಬ ನೋವಿನ ಮದ್ದುಗಳೂ 2023ರಲ್ಲಿ ಪಶುಚಿಕಿತ್ಸೆಯಿಂದ ಹೊರಬಿದ್ದವು. ಅಸಿಕ್ಲೊಫೆನಾಕ್‌ನದು ಇನ್ನೂ ಸ್ವಾರಸ್ಯ: ಹಸುವಿನ ಮೈಯೊಳಗೆ ಅದು ಡಿಕ್ಲೊಫೆನಾಕ್ ಆಗಿಯೇ ಮಾರ್ಪಡುತ್ತದೆ. ಬದಲಿಗೆ ಸಿಕ್ಕ ಮೆಲಾಕ್ಸಿಕಾಂ ರಣಹದ್ದಿಗೆ ನಿರಪಾಯ ಎಂದು ಗೊತ್ತಾದದ್ದು ಯಾವ ಡಾಕಿಂಗ್‌ನಿಂದಲೂ ಅಲ್ಲ. ಜಗತ್ತಿನ ಮೃಗಾಲಯಗಳ ಪಶುವೈದ್ಯರಿಗೆ ಪತ್ರ ಬರೆದು, ನಿಮ್ಮಲ್ಲಿನ ಹದ್ದುಗಳಿಗೆ ಯಾವ ನೋವಿನ ಮದ್ದು ಕೊಟ್ಟಿದ್ದೀರಿ, ಏನಾಯಿತು ಎಂದು ಕೇಳಿದರು. ಬಂದ ಉತ್ತರಗಳಲ್ಲಿ ಮೆಲಾಕ್ಸಿಕಾಂ ಮೇಲೆ ದೂರಿರಲಿಲ್ಲ. ಆಮೇಲೆ ಆಫ್ರಿಕಾದ ರಣಹದ್ದುಗಳಿಗೆ, ನಂತರ ಇಲ್ಲಿನವಕ್ಕೆ ಕೊಟ್ಟು ಖಾತ್ರಿ ಮಾಡಿಕೊಂಡರು.

ಹೈನುಗಾರರ ಪಾಲಿಗೆ ಇನ್ನೊಂದು ಲೆಕ್ಕವಿದೆ, ಅದು ಹಾಲಿನದು. ಯುರೋಪಿನಲ್ಲಿ ಮೆಲಾಕ್ಸಿಕಾಂ ಚುಚ್ಚಿದ ಹಸುವಿನ ಹಾಲನ್ನು ಐದು ದಿನ ಮಾರುವಂತಿಲ್ಲ. ಯಾವ ಮದ್ದು ಎಷ್ಟು ದಿನ ಹಾಲಿನಲ್ಲಿ ಉಳಿಯುತ್ತದೆ ಎಂದು ಅಳೆದ ಮೇಲೆ ಬಂದ ಸಂಖ್ಯೆ ಅದು. ಗಿಡದಿಂದ ತೆಗೆದ ಶುದ್ಧ ಅಣುವನ್ನು ನಾಳೆ ಮಾತ್ರೆ ಮಾಡಿದರೆ ಅದಕ್ಕೂ ಇಂಥದೊಂದು ಸಂಖ್ಯೆ ಬೇಕು. ಬೆಳಿಗ್ಗೆ ಸಂಜೆ ಡೇರಿಗೆ ಕ್ಯಾನು ಹೊರುವವರಿಗೆ ಅಂಟಿಕೊಳ್ಳುವ ಅಂಕಕ್ಕಿಂತ ಈ ಅಂಕ ಮುಖ್ಯ. ಹಾಗೆಯೇ ಬಾವನ್ನು ಪೂರ್ತಿ ಅಡಗಿಸುವುದೂ ಯಾವಾಗಲೂ ಒಳ್ಳೆಯದಲ್ಲ, ಬಿಳಿ ರಕ್ತಕಣಗಳು ಬರದಿದ್ದರೆ ರೋಗಾಣುವನ್ನು ಕೊಲ್ಲುವವರು ಯಾರು? ಹಸು ಜ್ವರ ಬಂದು ಮೇವು ಬಿಟ್ಟರೆ, ಕೆಚ್ಚಲು ತಣ್ಣಗಾಗಿ ನೀಲಿಗಟ್ಟಿದರೆ, ಅರಿಶಿನ ಅರೆಯುತ್ತ ಕೂರುವ ಹೊತ್ತಲ್ಲ ಅದು. ಪಶುವೈದ್ಯರಿಗೆ ಫೋನ್ ಮಾಡುವ ಹೊತ್ತು.

ಕಂಪ್ಯೂಟರ್ ಆರಿಸಿಕೊಟ್ಟ ನೂರು ಅಣುಗಳಿಗೆ ಮುಂದಿನ ಮೆಟ್ಟಿಲು ತೀರಾ ದುಬಾರಿಯದೇನಲ್ಲ. ಹಸುವಿನ ಕುತ್ತಿಗೆಯಿಂದ ಒಂದಿಷ್ಟು ಮಿಲಿಲೀಟರ್ ರಕ್ತ ತೆಗೆದು, ಸಣ್ಣ ಸಣ್ಣ ನಳಿಕೆಗಳಿಗೆ ಹಂಚಿ, ಇ. ಕೋಲಿ ಬ್ಯಾಕ್ಟೀರಿಯಾದ ಹೊರಪದರದ ವಿಷವನ್ನು ಚೂರು ಬೆರೆಸಿದರೆ ರಕ್ತಕಣಗಳು ಕೆಚ್ಚಲಲ್ಲಿ ಮಾಡಿದಂತೆಯೇ ಕಾಕ್ಸ್-2 ಮಾಡತೊಡಗುತ್ತವೆ, ಪ್ರೋಸ್ಟಗ್ಲಾಂಡಿನ್ ಏರುತ್ತದೆ. ಒಂದೊಂದು ನಳಿಕೆಗೆ ಒಂದೊಂದು ಅಣು ಹಾಕಿ ಮರುದಿನ ಅಳೆದರೆ ಯಾವುದು ತಡೆಯಿತು, ಯಾವುದು ತಡೆಯಲಿಲ್ಲ ಎಂದು ಗೊತ್ತಾಗುತ್ತದೆ. ಮೊದಲ ಹೊಟ್ಟೆಯ ರಸವನ್ನು ಕೊಳವೆಯಿಂದ ತೆಗೆದು ಅದರಲ್ಲಿ ಅಣು ಎಷ್ಟು ಗಂಟೆ ಉಳಿಯುತ್ತದೆ ಎಂದೂ ನೋಡಬಹುದು. ಇಲಿಯ ಕಿಣ್ವದ ಗೊಡವೆಯಿಲ್ಲ, ಮನುಷ್ಯರ ಕರುಳಿನ ಭವಿಷ್ಯ ಬೇಡ. ರಕ್ತ ಕೊಡಲು ಹಸುಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇಲ್ಲ. ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಡಾಕಿಂಗ್ ಮಾಡುವ ಕೋಣೆಯಿಂದ ಕೊಟ್ಟಿಗೆಗೆ ನಡೆದೇ ಹೋಗಬಹುದು.